ಹಲ್ಲಣ್ಣನ ಮನೆಯ ಅಳಿಯ

ಹಲ್ಲಣ್ಣ ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಂದ ತೆಗೆದು ಕಳಿಸುವ ಅಚ್ಚನ್ನು ಮುಂದಿಟ್ಟುಕೊಂಡು ಕಟ್ಟುಹಲ್ಲು ಮಾಡಿಕೊಡುವವರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಅವರ ಕೆಲಸದ ಕೋಣೆ. ಅದಕ್ಕೆ ಅಂಟಿಕೊಂಡ ಹಾಗೆ ಮನೆಯ ಎರಡು ಕೋಣೆಗಳು. ಎದುರಿನ ಬಾಗಿಲು ನನ್ನದು. ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದಾಗ ಬಾಡಿಗೆಗೆ ಹಿಡಿದದ್ದು.

ಊರಿನಲ್ಲಿ ವಯಸ್ಸಾದವರು ಯಾರಾದರೂ ಬಾಯ್ತುಂಬ ನಕ್ಕರೆ ಆ ನಗುವಿನಲ್ಲಿ ಹಲ್ಲಣ್ಣನ ಕೈ ಇದ್ದೇ ಇರುತ್ತಿತ್ತು. ಆದರೆ ನಕ್ಕವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಹಲ್ಲು ಕಟ್ಟಿದವರು ಯಾರೆಂದು ನಕ್ಕವರಿಗೂ ಗೊತ್ತಿರಲಿಲ್ಲ. ಅಚ್ಚು ಡಬ್ಬಿಯಲ್ಲಿ ಬರುತ್ತಿತ್ತು, ಕಟ್ಟಿದ ಹಲ್ಲಿನ ಸೆಟ್ಟು ಡಬ್ಬಿಯಲ್ಲಿ ಹೋಗುತ್ತಿತ್ತು. ನಡುವೆ ಪ್ಲಾಸ್ಟರ್ ಕಲಸುವುದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವುದು, ಮೇಣ ಕರಗಿಸಿ ಗುಲಾಬಿ ಬಣ್ಣದ ಪುಡಿ ತುಂಬಿ ಬೇಯಿಸುವುದು, ಕೊನೆಗೆ ಮೋಟರಿನ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುವುದು. ಬೆಳಗಿನಿಂದ ಸಂಜೆಯವರೆಗೂ ಇದೇ.

ಅಚ್ಚು ನೋಡಿ ಆಸಾಮಿಯನ್ನು ಊಹಿಸುವುದು ಅವರಿಗಿದ್ದ ಒಂದೇ ಮನರಂಜನೆ.

"ಇದ್ ನೋಡಿ ಮೇಷ್ಟ್ರೇ, ಈಯಪ್ಪ ಎಡಗಡೆ ಮಾತ್ರ ಅಗಿದಿದ್ದಾನೆ. ಬಲಗಡೆ ವರ್ಷಗಟ್ಟಲೆ ನೋವಿತ್ತು. ಹೆಂಡ್ತಿಗೂ ಹೇಳಿರಲ್ಲ."

"ಅದೂ ಅಚ್ಚಲ್ಲಿ ಗೊತ್ತಾಗುತ್ತಾ?"

"ಹೇಳಿದ್ರೆ ಅವಳು ಡಾಕ್ಟ್ರ ಹತ್ರ ಎಳ್ಕೊಂಡ್ ಹೋಗ್ತಿರ್ಲಿಲ್ವಾ?" ಎಂದು ಕೈಯೊರಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಪ್ಲಾಸ್ಟರ್ ಧೂಳಿಗೆ ಹೆದರಿ ಹಾಗೆ ಹಿಡಿಯುತ್ತಾರೆ ಎಂದು ನಾನು ತಿಳಿದಿದ್ದೆ.

ನಾನು ಬಂದ ಹೊಸತರಲ್ಲಿ ಅವರ ಅಕ್ಕ ಬದುಕಿದ್ದರು. ದಪ್ಪ ಕನ್ನಡಕದ, ದೊಡ್ಡ ದನಿಯ ಹೆಂಗಸು. ಒಂದು ರಜೆಯ ದಿನ ಅವರ ಮನೆಯೊಳಗಿಂದ ಕೇಳಿಸಿತು: "ಅಳಿಯಂದಿರಿಗೆ ಇವತ್ತು ಏನೋ ಮುನಿಸು. ಬಡಿಸಿದ್ದೆಲ್ಲ ನೆಲಕ್ಕೆ ಎಸೀತಿದಾರೆ." ಅಂಥ ಗಂಡನನ್ನು ಕಟ್ಟಿಕೊಂಡ ಹುಡುಗಿ ಯಾರೋ ಪಾಪ ಎಂದುಕೊಂಡೆ. ಆಮೇಲೆ ಯಾವುದೋ ನೆಪದಲ್ಲಿ ಒಳಗೆ ಹೋದಾಗ ಅಳಿಯಂದಿರು ಕಿಟಕಿಯ ಪಕ್ಕ ಮರದ ಕೊಂಬೆಯ ಸ್ಟ್ಯಾಂಡಿನ ಮೇಲೆ ಕೂತಿದ್ದರು. ಬೆನ್ನು ನೀಲಿ, ಎದೆ ಹಳದಿ, ಬಿಳಿಯ ಬರಿಗೆನ್ನೆಯ ಮೇಲೆ ಗೆರೆ ಎಳೆದ ಹಾಗೆ ಸಣ್ಣ ಕಪ್ಪು ಗರಿಗಳು, ಕೊಕ್ಕಿನಿಂದ ಬಾಲದ ತುದಿಯವರೆಗೆ ನನ್ನ ತೋಳಿನಷ್ಟು ಉದ್ದ. ಮಕಾವ್ ಜಾತಿಯ ಗಿಳಿ.

"ಹೆಣ್ಣು ಕೊಡದೆ ಬಂದ ಅಳಿಯ," ಎಂದು ಅಕ್ಕ ಪರಿಚಯ ಮಾಡಿಕೊಟ್ಟರು. "ಕೂತಲ್ಲಿಗೆ ಬರಬೇಕು, ಕೇಳಿದ್ದೇ ಬರಬೇಕು, ರುಚಿಸಲಿಲ್ಲ ಅಂದ್ರೆ ಬಟ್ಟಲು ಎತ್ತಿ ಒಗೀಬೇಕು. ಅಳಿಯ ಅನ್ನದೆ ಇನ್ನೇನನ್ಲಿ?"

ಅಕ್ಕನ ಗಂಡ ಒಂದು ಹೋಟೆಲಿನಲ್ಲಿ ಬಾಗಿಲು ಕಾಯುತ್ತಿದ್ದವರು. ಬಂದವರ ಕಣ್ಣಿಗೆ ಹಬ್ಬವಾಗಲಿ ಎಂದು ಹೋಟೆಲಿನವರು ಹಜಾರದಲ್ಲಿ ಈ ಹಕ್ಕಿಯನ್ನು ಇಟ್ಟಿದ್ದರು. ಹೋಟೆಲು ಮುಚ್ಚಿದಾಗ ಕುರ್ಚಿ, ಕನ್ನಡಿ, ಕಪಾಟು ಎಲ್ಲಕ್ಕೂ ಗಿರಾಕಿ ಸಿಕ್ಕಿದರು, ಹಕ್ಕಿಗೆ ಸಿಗಲಿಲ್ಲ. ಭಾವ ಅದನ್ನು ಮನೆಗೆ ತಂದರು. ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕು, ಒಂದು ಪಂಜರ ಹಿಡಿದುಕೊಂಡು ತಮ್ಮನ ಮನೆಗೆ ಬಂದರು. ತಮ್ಮನಿಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡುವವರು ಇರಲಿಲ್ಲವೋ, ನೋಡಲು ಇವರಿಗೆ ಪುರುಸೊತ್ತಿರಲಿಲ್ಲವೋ, ಯಾರೂ ವಿಚಾರಿಸಿದಂತಿರಲಿಲ್ಲ.

ಮನೆಯಲ್ಲಿ ಒಂದೇ ಒಂದು ಕಟ್ಟುನಿಟ್ಟು. ಕೆಲಸದ ಕೋಣೆಗೂ ಮನೆಗೂ ನಡುವಿನ ಬಾಗಿಲು ಯಾವತ್ತೂ ಮುಚ್ಚಿರಬೇಕು. ಪಾಲಿಶಿನ ಧೂಳು, ಬೇಯಿಸುವಾಗಿನ ಘಾಟು ಹಕ್ಕಿಯ ಉಸಿರಿಗೆ ಆಗದು. ಹೀಗಾಗಿ ಹಲ್ಲಣ್ಣ ಬೆಳಿಗ್ಗೆ ಎದ್ದವರೇ ಬಾಗಿಲಿನ ಆಚೆ ಹೋದರೆ, ಅಕ್ಕ ಮತ್ತು ಅಳಿಯ ಈಚೆ. ಅವರಿಬ್ಬರ ಊಟತಿಂಡಿ ಏನು, ಎಷ್ಟು, ಹೇಗೆ ಎಂಬುದನ್ನು ಹಲ್ಲಣ್ಣ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಕಣ್ಣಾರೆ ಕಂಡವರಲ್ಲ. ಗಿಳಿ ಮಾತ್ರ ಬಾಗಿಲ ಆಚೆಯ ಮೋಟರಿನ ಸದ್ದನ್ನು ಚೆನ್ನಾಗಿ ಕಲಿತುಬಿಟ್ಟಿತ್ತು. ಕೆಲಸ ಮುಗಿಸಿ ಮೋಟರು ಆರಿಸಿದ ಮೇಲೂ ಒಳಗಿನಿಂದ ಗುರ್‌ರ್ ಎಂದು ಸದ್ದು ಬರುತ್ತಿತ್ತು. "ನೀನು ಬಿಟ್ಟ ಕೆಲಸ ಅಳಿಯ ಮುಂದುವರಿಸ್ತಿದ್ದಾನೆ ನೋಡು" ಎಂದು ಅಕ್ಕ ಕೂಗಿ ಹೇಳುತ್ತಿದ್ದರು.

ಅಕ್ಕ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಕಾಯಿಲೆ ಕಸಾಲೆ ಇರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಲ್ಲಣ್ಣ ಅಡುಗೆಮನೆಯ ಕಪಾಟು ತೆರೆದರು. ಗಿಳಿಗೆ ಹಸಿವಾಗಿರಬೇಕು. ಮೇಲಿನ ಅರೆಯಲ್ಲಿ ಒಂದು ಡಬ್ಬಿ, ಅದರ ತುಂಬ ಸೂರ್ಯಕಾಂತಿ ಬೀಜ. ಸರಿ, ಇದೇ ಇದರ ಆಹಾರ ಎಂದುಕೊಂಡರು. ಬಟ್ಟಲಿಗೆ ಸುರಿದರು. ಗಿಳಿ ಆತುರದಿಂದ ತಿಂದಿತು. ಅವತ್ತಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಬಟ್ಟಲು ಗೋಪುರದ ಹಾಗೆ ತುಂಬಿಟ್ಟು ಬಾಗಿಲು ಎಳೆದುಕೊಂಡು ಆಚೆ ಹೋಗುವುದು, ಸಂಜೆ ಬಂದು ಸಿಪ್ಪೆ ಗುಡಿಸುವುದು. ಡಬ್ಬಿ ಮುಗಿದರೆ ಚೀಲವನ್ನೇ ತಂದಿಡುತ್ತಿದ್ದರು. "ಏನಿಲ್ಲ ಅಂದ್ರೂ ಅವನ ಹೊಟ್ಟೆಗೆ ಮೋಸ ಮಾಡಿಲ್ಲ ಮೇಷ್ಟ್ರೇ" ಎಂದು ನನ್ನ ಬಳಿ ಹೇಳಿದ್ದರು. ನಾನೂ ಹೌದೆಂದೆ. ಎಮ್ಮೆಗಳ ನಡುವೆ ಬೆಳೆದವನು ನಾನು. ಪ್ರಾಣಿ ಖುಷಿಯಿಂದ ತಿಂದರೆ ಅದು ಸರಿಯಾಗಿದೆ ಎಂದೇ ನನ್ನ ತಿಳಿವಳಿಕೆ.

ವರ್ಷ ಕಳೆಯುವಷ್ಟರಲ್ಲಿ ಗಿಳಿ ಬದಲಾಯಿತು. ನೀಲಿ ಗರಿಗಳಲ್ಲಿ ಅಲ್ಲಲ್ಲಿ ಕಪ್ಪು ಮಸಿ ತಾಗಿದಂಥ ಕಲೆ. ಕೊಕ್ಕು ಉದ್ದ ಬೆಳೆದು ಪದರ ಪದರ ಏಳತೊಡಗಿತು. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆದರೆ ಏದುಸಿರು. ಮೋಟರಿನ ಸದ್ದು ಮಾಡುವುದನ್ನೂ ನಿಲ್ಲಿಸಿತು. ಅದು ನಿಂತದ್ದು ಹಲ್ಲಣ್ಣನಿಗೆ ಗೊತ್ತಾಗಿ ಹೆದರಿಕೆಯಾಯಿತು.

ಪ್ರಾಣಿಗಳ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ, ಪಂಜರದ ಇನ್ನೊಂದು ಬದಿ ಹಿಡಿಯಲು. ಡಾಕ್ಟರಮ್ಮ ಗಿಳಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದು, ಹೊಟ್ಟೆ ಒತ್ತಿ, ರಕ್ತ ತೆಗೆದು, ಕೊಕ್ಕು ಉಜ್ಜಿ ಸರಿಮಾಡಿದರು.

"ಏನ್ ಕೊಡ್ತೀರಿ ತಿನ್ನೋಕೆ?"

"ಸೂರ್ಯಕಾಂತಿ ಬೀಜ."

"ಅದರ ಜೊತೆಗೆ?"

"ಅದೇ ಹೊಟ್ಟೆ ತುಂಬ ಕೊಡ್ತೀನಿ, ಅಮ್ಮ. ಏನೂ ಕಡಿಮೆ ಮಾಡಿಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಮೂರು ಹೊತ್ತೂ ಎಣ್ಣೇಲಿ ಕರಿದದ್ದನ್ನೇ ತಿಂದು ಕೂತಲ್ಲೇ ಕೂತಿದ್ರೆ ನಮಗೇನಾಗುತ್ತೋ ಅದೇ ಇದಕ್ಕೂ ಆಗಿರೋದು. ಲಿವರ್ ತುಂಬ ಕೊಬ್ಬು. ಹೀಗೇ ಬಿಟ್ರೆ ಹೆಚ್ಚು ದಿನ ಇಲ್ಲ. ಸರಿಯಾಗಿ ನೋಡ್ಕೊಂಡ್ರೆ ನಿಮಗಿಂತ ಜಾಸ್ತಿ ಬದುಕುತ್ತೆ."

ಆಮೇಲೆ ತಾಳ್ಮೆಯಿಂದ ವಿವರಿಸಿದರು. ಗಿಳಿಗಳಿಗೆಂದೇ ಧಾನ್ಯ, ಸತ್ವಗಳನ್ನು ಒತ್ತಿ ಮಾಡಿದ ಕಾಳು ಅಂಗಡಿಯಲ್ಲಿ ಸಿಗುತ್ತದೆ; ಹೊಟ್ಟೆಯ ಹೆಚ್ಚು ಪಾಲು ಅದರಿಂದ ತುಂಬಬೇಕು. ಜೊತೆಗೆ ದಿನಾ ತಾಜಾ ತರಕಾರಿ: ಕ್ಯಾರೆಟ್, ಕುಂಬಳ, ಹುರುಳಿಕಾಯಿ, ಸೊಪ್ಪು. ಹಣ್ಣು ಸ್ವಲ್ಪ, ಸೇಬು ಕೊಟ್ಟರೆ ಬೀಜ ತೆಗೆದು. ಮಕಾವ್‌ಗೆ ಬೇರೆ ಗಿಳಿಗಳಿಗಿಂತ ತುಸು ಹೆಚ್ಚು ಕೊಬ್ಬು ಬೇಕು, ಅದಕ್ಕೆ ಒಂದೆರಡು ಅಕ್ರೋಟೋ ಬಾದಾಮಿಯೋ ಸಾಕು. ಉಪ್ಪು, ಕಾಫಿ, ಚಾಕೊಲೇಟು, ಬೆಣ್ಣೆಹಣ್ಣು ಇವುಗಳ ಹತ್ತಿರವೂ ಬಿಡಬಾರದು. ಬೀಜ ಅಪರೂಪಕ್ಕೆ, ಬಹುಮಾನದ ಹಾಗೆ.

"ಆದ್ರೆ ದಿಢೀರಂತ ಬೀಜ ನಿಲ್ಲಿಸಬೇಡಿ. ಹಟ ಹಿಡಿದು ಉಪವಾಸ ಕೂತ್ರೆ ಅದೂ ಪ್ರಾಣಕ್ಕೆ ಅಪಾಯ. ದಿನಾ ಬೆಳಿಗ್ಗೆ ತೂಕ ನೋಡಿ, ನಾನು ಬರ್ದುಕೊಡೋ ಗಡಿಗಿಂತ ಕೆಳಗೆ ಇಳೀಬಾರ್ದು. ಬೀಜ ಸ್ವಲ್ಪ ಸ್ವಲ್ಪ ಇಳಿಸಿ, ಇದು ಸ್ವಲ್ಪ ಸ್ವಲ್ಪ ಏರಿಸಿ."

ಬರುವಾಗ ಹಲ್ಲಣ್ಣ ದಾರಿಯುದ್ದಕ್ಕೂ ಒಂದೇ ಮಾತು ಆಡಿದರು. "ಬಹುಮಾನದ ಡಬ್ಬಿ ಅದು. ಅಕ್ಕ ಅದನ್ನ ಮೇಲಿನ ಅರೇಲಿ ಯಾಕಿಟ್ಟಿದ್ಲು ಅಂತ ನನಗೆ ಹೊಳೀಲೇ ಇಲ್ಲ."

ಮರುದಿನದಿಂದ ಅವರ ಅಡುಗೆಮನೆಯಲ್ಲಿ ಹೊಸ ಕಾರ್ಖಾನೆ ಶುರುವಾಯಿತು. ಪ್ಲಾಸ್ಟರ್ ತೂಗುವ ತಕ್ಕಡಿಯನ್ನು ತೊಳೆದು ಒಣಗಿಸಿ ಒಳಗೆ ತಂದರು, ಗಿಳಿಯ ತೂಕಕ್ಕೆ. ಕ್ಯಾರೆಟ್ಟು, ಕುಂಬಳಕಾಯಿ ಬೇಯಿಸಿದರು. ಬೇಯಿಸಿ ಸೌಟಿನಿಂದ ಮಸೆದರು. ಮಸೆದು ಜರಡಿಯಲ್ಲಿ ಸೋಸಿದರು. ಒತ್ತಿದ ಕಾಳನ್ನು ನೀರಲ್ಲಿ ನೆನೆಹಾಕಿ ಅದನ್ನೂ ಗಂಜಿ ಮಾಡಿದರು. ಕೊಕ್ಕು ಈಗಷ್ಟೇ ಉಜ್ಜಿಸಿಕೊಂಡು ಬಂದಿದೆ, ಗಟ್ಟಿ ಪದಾರ್ಥ ಕೊಟ್ಟರೆ ನೋವಾದೀತು ಎಂಬುದು ಅವರ ಲೆಕ್ಕ. ಹೊಸ ಹಲ್ಲು ಕಟ್ಟಿಸಿಕೊಂಡವರು ಮೊದಮೊದಲು ಮೆತ್ತಗಿನದನ್ನೇ ತಿನ್ನಬೇಕು ಎಂದು ಪ್ರತಿ ಡಬ್ಬಿಯ ಜೊತೆ ಹೇಳಿ ಕಳಿಸಿದ ಮನುಷ್ಯ. ಬಾಯಿ ಎಂದರೆ ಅವರಿಗೆ ನೋಯುವ ಬಾಯಿ.

ಗಿಳಿ ಬಟ್ಟಲಿನೊಳಗೆ ಕೊಕ್ಕು ಅದ್ದಿತು. ತಲೆ ಕೊಡವಿತು. ಗೋಡೆಯ ಮೇಲೆ, ಕಿಟಕಿಯ ಗಾಜಿನ ಮೇಲೆ, ಹಲ್ಲಣ್ಣನ ಕನ್ನಡಕದ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳು ಬಿದ್ದವು.

"ಅಯ್ಯೋ ಅಳಿಯಾ, ಒಂದ್ ಚೂರು ಬಾಯಿಗ್ ಹಾಕ್ಕೊಳೋ," ಎಂದು ಚಮಚ ಹಿಡಿದು ಗೋಗರೆದರು. ಅಳಿಯ ಬೆನ್ನು ತಿರುಗಿಸಿ ಕೂತ.

ಹೀಗೇ ನಡೆಯಿತು. ತಕ್ಕಡಿಯ ಮುಳ್ಳು ದಿನದಿನಕ್ಕೂ ಇಳಿಯಿತು. ಬೇಡದ ಕೊಬ್ಬು ಕರಗಿದರೆ ಸಂತೋಷ, ಆದರೆ ಡಾಕ್ಟರಮ್ಮ ಹೇಳಿದ ಗಡಿಯ ಹತ್ತಿರಕ್ಕೆ ಬಂದುಬಿಟ್ಟಿತ್ತು. ಹಲ್ಲಣ್ಣ ಗಾಬರಿಯಾಗಿ ಮತ್ತೆ ಬೀಜ ಹಾಕಿದರು. ಗಿಳಿ ಬೀಜ ಮುಗಿಸಿ ಉಳಿದದ್ದನ್ನು ಮುಟ್ಟಲಿಲ್ಲ. ಬೀಜ ಕಡಿಮೆ ಮಾಡಿದರೆ ಉಪವಾಸ, ಕೊಟ್ಟರೆ ಕಾಯಿಲೆ. ಒಂದು ಸಂಜೆ ನನ್ನ ಬಾಗಿಲಲ್ಲಿ ಬಂದು ನಿಂತರು. ಒಳಗೆ ಕರೆದರೂ ಬರಲಿಲ್ಲ.

"ಕೆಲಸದ ಕೋಣೆ ಬಾಗಿಲು ಇಷ್ಟು ವರ್ಷ ಮುಚ್ಕೊಂಡೇ ಬಂದಿದೀನಿ ಮೇಷ್ಟ್ರೇ. ಇವನೂ ಹೋದ್ರೆ ಯಾರಿಗೋಸ್ಕರ ಅಂತ ಮುಚ್ಲಿ?"

ನಾಳೆ ಮತ್ತೆ ಆಸ್ಪತ್ರೆಗೆ ಹೋಗೋಣ ಎಂದೆ.

ಅಲ್ಲಿ ಗಂಜಿಯ ವಿಷಯ ಕೇಳಿ ಡಾಕ್ಟರಮ್ಮನ ಪಕ್ಕದಲ್ಲಿದ್ದ ನರ್ಸಮ್ಮ ಕಿಸಕ್ಕನೆ ನಕ್ಕುಬಿಟ್ಟರು. ಡಾಕ್ಟರಮ್ಮ ನಗಲಿಲ್ಲ.

"ಅಕ್ರೋಟು ಒಡೆಯೋ ಕೊಕ್ಕು ಇದು. ಇಡೀ ಕ್ಯಾರೆಟ್ ಕೊಡಿ. ಕಚ್ಚೋದು, ಸೀಳೋದು, ಅರ್ಧ ಕೆಳಗೆ ಬೀಳಿಸೋದು ಅದೇ ಅದರ ಕೆಲಸ. ನೀವು ಮಸೆದು ಕೊಟ್ರೆ ಕೆಲಸಾನೇ ಕಿತ್ಕೊಂಡ ಹಾಗೆ." ಆಮೇಲೆ ಕೇಳಿದರು, "ಮನೇಲಿ ಇದರ ಜೊತೆ ಯಾರು ಊಟ ಮಾಡ್ತಾರೆ?"

"ಮೊದಲು ಅಕ್ಕ ಮಾಡ್ತಿದ್ಲು ಅನ್ಸುತ್ತೆ. ಈಗ ಯಾರೂ ಇಲ್ಲ."

"ನೀವು?"

"ನಾನಾ? ನಾನು ಅಡುಗೆಮನೇಲೇ ನಿಂತ್ಕೊಂಡು ಏನೋ ಒಂದು..."

"ಇವು ಒಂಟಿಯಾಗಿ ತಿನ್ನೋ ಜಾತಿ ಅಲ್ಲ. ಗುಂಪಲ್ಲಿ ಒಬ್ಬರು ತಿಂದದ್ದು ನೋಡಿ ಇನ್ನೊಬ್ಬರು ಬಾಯಿ ಹಾಕ್ತಾರೆ. ಗೊತ್ತಿಲ್ಲದ ತಿಂಡಿ ಅಂದ್ರೆ ಅದಕ್ಕೆ ವಿಷದ ಭಯ. ಅದರ ಎದುರಿಗೆ ಕೂತ್ಕೊಳ್ಳಿ. ನೀವೇ ಕ್ಯಾರೆಟ್ ಕಚ್ಚಿ ತಿನ್ನಿ. ಕರಕರ ಅಂತ ಕೇಳಿಸೋ ಹಾಗೆ."

ಹಲ್ಲಣ್ಣ ಹೆಗಲ ಮೇಲಿನ ಬಟ್ಟೆಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದರು. ನಗುವುದಕ್ಕಲ್ಲ.

ಆಸ್ಪತ್ರೆಯ ಮೆಟ್ಟಿಲಿಳಿದ ಮೇಲೆ ನನಗೆ ತೋರಿಸಿದರು. ಮುಂದೆ ಮೇಲೊಂದಷ್ಟು, ಕೆಳಗೊಂದಷ್ಟು ಹಲ್ಲು ಬಿಟ್ಟರೆ ಬಾಯಿ ಪೂರ್ತಿ ಬೋಳು. ಒಂದೊಂದೇ ಹೋಗುತ್ತ ಬಂದಿದ್ದವು. ಅಕ್ಕ ಬೈಯುತ್ತಿದ್ದರಂತೆ: ಊರಿಗೆಲ್ಲ ಹಲ್ಲು ಕಟ್ಟೋನ ಬಾಯಿ ನೋಡಿದ್ರೆ ಗಿರಾಕಿ ಓಡಿಹೋಗ್ತಾರೆ. ಇವರು, ನನ್ನ ಗಿರಾಕಿ ನನ್ನ ಮುಖ ಎಲ್ಲಿ ನೋಡ್ತಾರೆ, ನಾಳೆ ಮಾಡ್ಕೊಂಡ್ರಾಯ್ತು ಎನ್ನುತ್ತಿದ್ದರಂತೆ. ಅಕ್ಕ ಇರುವಷ್ಟು ದಿನ ಮೆತ್ತಗೆ ಬೇಯಿಸಿ ಹಾಕುತ್ತಿದ್ದರು. ಆಮೇಲೆ ಇವರದು ಹಾಲಲ್ಲಿ ನೆನೆಸಿದ ಬ್ರೆಡ್ಡು, ನೀರಾದ ಅನ್ನ, ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ.

"ಕ್ಯಾರೆಟ್ ಅಗಿ ಅಂದ್ರೆ ಎಲ್ಲಿಂದ ಅಗೀಲಿ?" ಎಂದರು.

ಎಲ್ಲರಿಗೂ ಮಾಡಿಕೊಡುವ ಹಲ್ಲನ್ನು ತಮಗೆ ಮಾಡಿಕೊಳ್ಳಲು ಏನು ಕಷ್ಟ ಎಂದು ನಾನು ಕೇಳಿದೆ. ತಮ್ಮ ಬಾಯಿಯ ಅಚ್ಚನ್ನು ತಾವೇ ತೆಗೆಯಲಾಗದು, ಅದಕ್ಕೆ ಡಾಕ್ಟರೇ ಬೇಕು ಎಂದರು. ಆ ಸಂಜೆಯೇ, ದಿನಾ ಅಚ್ಚು ಕಳಿಸುವ ಕ್ಲಿನಿಕ್ಕಿಗೆ ಹೋದರು. ಅಷ್ಟು ವರ್ಷದ ವ್ಯವಹಾರದಲ್ಲಿ ಅದರ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಮುಂದಿನ ಮೇಜಿನ ಹುಡುಗಿ ಕೇಳಿದಳಂತೆ, "ಮುಂಚೆ ಬಂದಿದ್ದೀರಾ?"

"ದಿನಾ ಬರ್ತೀನಮ್ಮ, ಡಬ್ಬೀಲಿ," ಎಂದರಂತೆ.

ಹುಡುಗಿಗೆ ಅರ್ಥವಾಗಲಿಲ್ಲ. ಒಳಗಿಂದ ಡಾಕ್ಟರು ದನಿಯ ಗುರುತು ಹಿಡಿದು ಎದ್ದು ಬಂದರು. "ಫೋನಲ್ಲಿ ಕೇಳಿ ಕೇಳಿ ನೀವು ಎತ್ತರದ ಆಳು ಅಂದ್ಕೊಂಡಿದ್ದೆ," ಎಂದರು. "ನೀವು ಗಡ್ಡ ಇರೋರು ಅಂದ್ಕೊಂಡಿದ್ದೆ ನಾನು," ಎಂದು ಇವರು. ಕುರ್ಚಿಯಲ್ಲಿ ಒರಗಿಸಿ, ಬಾಯಿಯಳತೆಯ ಪುಟ್ಟ ತಟ್ಟೆಯ ತುಂಬ ಅಚ್ಚಿನ ತಣ್ಣನೆಯ ಲೇಪ ಹಾಕಿ ಬಾಯೊಳಗೆ ಒತ್ತಿ ಹಿಡಿದಾಗ ಹಲ್ಲಣ್ಣನಿಗೆ ವಾಕರಿಕೆ ಬಂತು. ಇಷ್ಟೆಲ್ಲ ಜನ ಈ ಸಂಕಟ ಪಟ್ಟು ನನಗೆ ಕೆಲಸ ಕೊಟ್ಟಿದ್ದಾರೆ ಎಂದು ಆಗ ಅನ್ನಿಸಿತು ಎಂದು ನನ್ನ ಬಳಿ ಹೇಳಿದರು.

ತಮ್ಮ ಅಚ್ಚಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ನನ್ನನ್ನು ಕೆಲಸದ ಕೋಣೆಗೆ ಕರೆದರು. ಬೆಂಚಿನ ಮೇಲೆ ಬೇರೆಯವರ ಬಾಯಿಗಳ ಸಾಲಿನಲ್ಲಿ ಅವರ ಬಾಯಿಯೂ ಬಿಳಿಚಿಕೊಂಡು ಕೂತಿತ್ತು. ಬಹಳ ಹೊತ್ತು ತಿರುಗಿಸಿ ನೋಡಿದರು. ದಿನದ ಚಟ.

"ಎಲ್ಲಾ ಮುಂದಿನ ಹಲ್ಲಲ್ಲೇ ನಡೆಸಿದಾನೆ. ಹಿಂದೆ ವಸಡು ಕರಗಿ ಹಾಳೆ ಹಾಗಾಗಿದೆ. ಗಟ್ಟಿಯಾದ್ದು ತಿಂದು ಎಷ್ಟು ಕಾಲ ಆಯ್ತೋ." ಬೆರಳಿನಿಂದ ಸವರಿದರು. "ಎದುರಿಗೆ ಕೂತ್ಕೊಂಡು ಉಣ್ಣೋರು ಯಾರೂ ಇಲ್ಲದ ಮನೆ ಇದು, ಮೇಷ್ಟ್ರೇ. ಬೇರೆ ಯಾರ್ದಾದ್ರೂ ಆಗಿದ್ರೆ ನೋಡಿದ ಕೂಡ್ಲೇ ಹೇಳಿಬಿಡ್ತಿದ್ದೆ."

ಅಚ್ಚನ್ನು ಮತ್ತೆ ಸಾಲಿನಲ್ಲಿ ಇಟ್ಟರು.

ಗಿಳಿಯ ತೂಕ ಇಳಿಯುತ್ತಲೇ ಇತ್ತು. ಬೆಂಚಿನ ಮೇಲಿದ್ದ ಬೇರೆ ಅಚ್ಚುಗಳನ್ನು ಹಿಂದಕ್ಕೆ ಸರಿಸಿ ತಮ್ಮದನ್ನು ಮುಂದಕ್ಕೆ ಎಳೆದುಕೊಂಡರು. ಒಂದು ಕ್ಲಿನಿಕ್ಕಿನಿಂದ ಫೋನು ಬಂದರೆ, "ಒಬ್ಬ ಗಿರಾಕಿದು ಬಹಳ ಅರ್ಜೆಂಟು, ಜೀವದ ಪ್ರಶ್ನೆ" ಎಂದರು. ಹಲ್ಲು ಕೂರಿಸುವಾಗ ಚಂದದ ಕಡೆ ಗಮನ ಕೊಡಲಿಲ್ಲವಂತೆ. ಹಿಂದಿನ ದವಡೆಹಲ್ಲು ಮಾತ್ರ ಚೆನ್ನಾಗಿ ಕೂಡಬೇಕು, ಸದ್ದು ಬರಬೇಕು.

ಸೆಟ್ಟು ಬಾಯಿಗೆ ಹಾಕಿಕೊಂಡ ಬೆಳಿಗ್ಗೆ ನನ್ನನ್ನು ಸಾಕ್ಷಿಗೆಂದು ಕರೆದರು. ಮುಖವೇ ಬೇರೆಯಾಗಿತ್ತು. ಕೆನ್ನೆ ತುಂಬಿ, ಯಾರೋ ನೆಂಟರ ಹಾಗೆ ಕಾಣುತ್ತಿದ್ದರು. ಗಿಳಿ ಕೂಡ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದು ಕಣ್ಣಿನಿಂದ. ಊಟದ ಮೇಜನ್ನು ಸ್ಟ್ಯಾಂಡಿನ ಪಕ್ಕಕ್ಕೆ ಎಳೆದಿದ್ದರು. ಅಲ್ಲಿದ್ದ ಕುರ್ಚಿ ಅಕ್ಕನದು; ಬಟ್ಟೆ ಹೊಲಿದ ದಿಂಬು ಹಾಗೆಯೇ ಇತ್ತು. ಒಂದು ಗಳಿಗೆ ಅದರ ಬೆನ್ನು ಹಿಡಿದು ನಿಂತು, ಕೂತರು. ತಟ್ಟೆಯಲ್ಲಿ ಎರಡು ಹಸಿ ಕ್ಯಾರೆಟ್ಟು, ಹುರುಳಿಕಾಯಿ, ಒತ್ತಿದ ಕಾಳು ಒಂದು ಹಿಡಿ.

"ಮೊದಲ ವಾರ ಮೆತ್ತಗಿರೋದು ಮಾತ್ರ," ಎಂದು ನಾನು ತಮಾಷೆಗೆ ಅವರ ಮಾತನ್ನೇ ಅವರಿಗೆ ಹೇಳಿದೆ.

"ಗಿರಾಕಿ ಮಾತು ಕೇಳಲ್ಲ," ಎಂದು ಕ್ಯಾರೆಟ್ ಕಚ್ಚಿದರು.

ಕರಕ್ ಎಂದಿತು. ನೋವಿಗೆ ಕಣ್ಣಲ್ಲಿ ನೀರು ತುಂಬಿತು. ಅಗಿದರು. ಹೊಸ ಹಲ್ಲು ಒಂದಕ್ಕೊಂದು ತಾಗಿ ಟಕ್ ಟಕ್ ಎಂದಿತು. ಗಿಳಿ ಕದಲಲಿಲ್ಲ. ಇನ್ನೊಂದು ತುಂಡು ಕಚ್ಚಿದರು. ಗಿಳಿ ನನ್ನ ಕಡೆ ನೋಡಿತು, ಗರಿ ಉಬ್ಬಿಸಿತು, ಮತ್ತೆ ಕಿಟಕಿಯ ಕಡೆ ತಿರುಗಿತು.

ಆ ಬೆಳಿಗ್ಗೆ ಅದು ತಿನ್ನಲಿಲ್ಲ. ಮಾರನೆಯ ದಿನವೂ ಇಲ್ಲ. ಹಲ್ಲಣ್ಣನ ವಸಡು ಕೆಂಪಾಗಿ ಉಬ್ಬಿತು, ಆದರೂ ಬೆಳಿಗ್ಗೆ ಸಂಜೆ ಆ ಕುರ್ಚಿಯಲ್ಲಿ ಕೂತು ಅಗಿಯುವುದನ್ನು ಬಿಡಲಿಲ್ಲ. ಕೂತು ತಿನ್ನುವುದು ಅಭ್ಯಾಸ ತಪ್ಪಿತ್ತಂತೆ. ಎರಡು ತುತ್ತಿಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತಂತೆ. "ಎದ್ರೆ ಅವನೂ ಎದ್ದ ಹಾಗೆ. ಅದಕ್ಕೆ ಮುಗಿಯೋವರೆಗೂ ಕೂತೇ ಇರ್ತೀನಿ."

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವರ ಬಾಗಿಲು ಅರ್ಧ ತೆರೆದಿತ್ತು. ಹಲ್ಲಣ್ಣ ಕ್ಯಾರೆಟ್ ಹಿಡಿದ ಕೈಯನ್ನು ಮೇಜಿನ ಮೇಲೆ ಊರಿಕೊಂಡು ಗೋಡೆ ನೋಡುತ್ತ ಅಗಿಯುತ್ತಿದ್ದರು. ಗಿಳಿ ಸ್ಟ್ಯಾಂಡಿನಿಂದ ಮೇಜಿಗೆ ಇಳಿದಿತ್ತು. ಒಂದೊಂದೇ ಹೆಜ್ಜೆ ಇಟ್ಟು, ಬಾಲ ಎಳೆದುಕೊಂಡು, ತಟ್ಟೆಯಲ್ಲಿದ್ದದ್ದನ್ನು ಬಿಟ್ಟು ಅವರ ಕೈಯಲ್ಲಿದ್ದ ಕಚ್ಚಿದ ತುಂಡನ್ನೇ ಎಳೆದುಕೊಂಡಿತು. ಕಾಲಿನಲ್ಲಿ ಎತ್ತಿ ಹಿಡಿದು ತಿರುಗಿಸಿ ನೋಡಿತು. ಸೀಳಿತು. ಮುಕ್ಕಾಲು ಪಾಲು ನೆಲಕ್ಕೆ ಬಿತ್ತು. ಉಳಿದದ್ದು ಗಂಟಲಿಗೆ ಇಳಿಯಿತು.

ಹಲ್ಲಣ್ಣ ಅಲುಗಾಡಲಿಲ್ಲ. ನನ್ನ ನೆರಳು ಕಂಡು ಮೆಲ್ಲಗೆ, ತುಟಿ ಅಲ್ಲಾಡಿಸದ ಹಾಗೆ ಹೇಳಿದರು: "ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ನೀವಿದ್ರೆ ಅವನು ನಾಚ್ಕೋತಾನೆ. ಬಾಗಿಲು ಹಾಕ್ಕೊಂಡ್ ಹೋಗಿ."

ತಿಂಗಳುಗಳ ಮೇಲೆ ರಕ್ತ ನೋಡಿ ಡಾಕ್ಟರಮ್ಮ ಸಮಾಧಾನದ ಮಾತು ಹೇಳಿದರು. ಹೊಸ ಗರಿಗಳು ನೀಲಿಯಾಗಿಯೇ ಬಂದವು. ಸೂರ್ಯಕಾಂತಿಯ ಡಬ್ಬಿ ಮೇಲಿನ ಅರೆಗೆ ವಾಪಸ್ಸು ಹೋಯಿತು. ಅಂಗಡಿಯಲ್ಲಿ ತರಕಾರಿಯವಳು, "ಮನೇಲಿ ಒಬ್ರೇ ಅಂತೀರ, ಇಷ್ಟೊಂದು ಯಾರಿಗಣ್ಣಾ?" ಎಂದು ಕೇಳಿದರೆ, "ನನಗೂ ಅಳಿಯನಿಗೂ" ಎನ್ನುತ್ತಾರೆ. ಅವಳು ಮಗಳು ಎಲ್ಲಿದ್ದಾಳೆಂದು ಕೇಳುವಷ್ಟರಲ್ಲಿ ಚೀಲ ಎತ್ತಿಕೊಂಡು ಹೊರಟಿರುತ್ತಾರೆ.

ಅವರ ಮನೆಗೆ ಈಗಲೂ ಯಾರೂ ಬರುವುದಿಲ್ಲ. ಕೆಲಸದ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಬೆಳಗಿನ ಹೊತ್ತು ಎದುರು ಬಾಗಿಲಿನ ಆಚೆಯಿಂದ ಕರಕರ ಎಂದು ಸದ್ದು ಬರುತ್ತದೆ, ನಡುವೆ ಹಲ್ಲು ತಾಗುವ ಟಕ್ ಟಕ್. ಒಮ್ಮೊಮ್ಮೆ ಹಲ್ಲಣ್ಣ ಮಾರುಕಟ್ಟೆಗೆ ಹೋಗಿದ್ದಾಗಲೂ ಆ ಟಕ್ ಟಕ್ ಕೇಳಿಸುತ್ತದೆ. ಮೋಟರಿನ ಸದ್ದು ಬಿಟ್ಟು ಅಳಿಯ ಈಗ ಅದನ್ನು ಕಲಿತಿದ್ದಾನೆ. ಮನೆಯಲ್ಲಿ ಯಾರೂ ಇಲ್ಲದಾಗ ಎದುರಿಗೆ ಯಾರೋ ಕೂತು ಉಣ್ಣುತ್ತಿರುವ ಹಾಗೆ ಅದನ್ನೇ ಮಾಡುತ್ತ, ಬಟ್ಟಲಿಗೆ ಬಾಯಿ ಹಾಕದೆ, ಅವರು ಬರುವವರೆಗೆ ಕಾಯುತ್ತಾನೆ.